ಶಾಲೆ ಬಿಟ್ಟ ಮೇಲಿನ ಕೊಲ್ಹಾಪುರ

ಕೊಲ್ಹಾಪುರದ ದಸರಾ ಚೌಕದಲ್ಲಿ, ಈ ಸಂಸ್ಥಾನವನ್ನಾಳಿದ ಶಾಹೂ ಮಹಾರಾಜರ ಪ್ರತಿಮೆಯಿದೆ. ಅದರ ಆಸುಪಾಸಿನಲ್ಲಿ ಜೈನ ಬೋರ್ಡಿಂಗ್, ಮುಸ್ಲಿಂ ಬೋರ್ಡಿಂಗ್, ಲಿಂಗಾಯತ ಬೋರ್ಡಿಂಗ್. ಅಲ್ಲೇ ಚಿತ್ರದುರ್ಗ ಮಠ. ವಿದ್ಯಾರ್ಥಿ ವಸತಿಗೃಹಗಳ ತಾಯಿ ಎಂದು ಮರಾಠಿಗರು ಈ ಊರನ್ನು ಕರೆಯುವುದು ಸುಮ್ಮನೆ ಅಲ್ಲ.

ಶಾಹೂ ಎಂದೊಡನೆ ನಮಗೆ ನೆನಪಾಗುವುದು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50ರಷ್ಟನ್ನು ಮೀಸಲಿಟ್ಟ 1902ರ ಆದೇಶ. ಆಮೇಲೆ ನೆನಪಾಗುವುದು 1917ರ ಉಚಿತ, ಕಡ್ಡಾಯ ಪ್ರಾಥಮಿಕ ಶಿಕ್ಷಣ. ಮರಾಠಾ ಹುಡುಗರ ಮತ್ತು ಜೈನ ಹುಡುಗರ ಬೋರ್ಡಿಂಗ್‌ಗಳು ಶುರುವಾಗಿದ್ದು ಇವೆರಡಕ್ಕೂ ಮೊದಲು, 1901ರಲ್ಲಿ. ಮೊದಲು ಸೂರು ಮತ್ತು ಊಟ, ಆಮೇಲೆ ನೌಕರಿ, ಕೊನೆಗೆ ಕಾನೂನು. ಈ ಅನುಕ್ರಮದಲ್ಲೇ ಶಾಹೂ ಅವರ ಜಾಣತನವಿದೆ ಎಂದು ನನಗನಿಸುತ್ತದೆ. ಇಂದಿನ ಸರ್ಕಾರಗಳು ಸಾಮಾನ್ಯವಾಗಿ ಕಾನೂನಿನಿಂದ ಆರಂಭಿಸುತ್ತವೆ.

ಶಾಹೂ ಕಾಲದ, ಗಡಹಿಂಗ್ಲಜದ ಕಡೆಯ ರೈತನ ಮಗನನ್ನು ನೆನೆಯಿರಿ. ಮನೆಮಾತು ಕನ್ನಡ, ಶಾಲೆಯದು ಮರಾಠಿ. ಹೈಸ್ಕೂಲು ಓದಬೇಕೆಂದರೆ ಅರವತ್ತು ಕಿಲೋಮೀಟರಿಗೂ ದೂರದ ಕೊಲ್ಹಾಪುರ. ಆಗ ಈ ಸಂಸ್ಥಾನಕ್ಕೇ ಸೇರಿದ್ದ ರಾಯಬಾಗದ ಹುಡುಗನ ಪಾಡೂ ಬೇರೆಯಲ್ಲ. ಬ್ರಾಹ್ಮಣರ ಮನೆಯ ಬಡಹುಡುಗನಿಗೆ ಪೇಟೆಯಲ್ಲಿ ವಾರಾನ್ನವಾದರೂ ಸಿಗುತ್ತಿತ್ತು; ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಉಳಿದವರ ಮಕ್ಕಳಿಗೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಶಾಲೆ ಐದಾರು ಗಂಟೆ ನಡೆದೀತು. ಉಳಿದ ಹದಿನೆಂಟು ಗಂಟೆ ಹುಡುಗ ಎಲ್ಲಿರಬೇಕು, ಏನುಣ್ಣಬೇಕು, ಯಾವ ದೀಪದಡಿ ಓದಬೇಕು? ಬೋರ್ಡಿಂಗ್ ಉತ್ತರಿಸಿದ್ದು ಈ ಪ್ರಶ್ನೆಗೆ. ಸಿದ್ಧಗಂಗೆಯ ಅಥವಾ ಧಾರವಾಡ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಾತಿಗೊಂದು ಬೋರ್ಡಿಂಗ್ ಎಂದರೆ ಇಂದು ಯಾರಿಗಾದರೂ ಇರುಸುಮುರುಸು. ಎಲ್ಲರಿಗೂ ಒಂದೇ ವಸತಿಗೃಹ ಎಂಬ ಪ್ರಯತ್ನವನ್ನು ಶಾಹೂ ಮೊದಲು ಮಾಡಿಯೇ ನೋಡಿದ್ದರು. ಅಲ್ಲಿ ಕೊನೆಗೆ ಉಳಿದವರು ಮೇಲುಜಾತಿಯ ಹುಡುಗರು. ಆದ್ದರಿಂದ ಪ್ರತಿ ಸಮುದಾಯವೂ ತನ್ನ ಮಕ್ಕಳನ್ನು ತಾನೇ ಮುಂದೆ ತರಲಿ, ಜಾಗ ಮತ್ತು ನೆರವು ನಾವು ಕೊಡುತ್ತೇವೆ ಎಂದರು. 1906ರಲ್ಲಿ ಮುಸ್ಲಿಮರದು ಬಂತು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ, ಮುಂಬಯಿ ಗವರ್ನರರ ಮಗಳ ಹೆಸರಿನಲ್ಲಿ, ಮಿಸ್ ಕ್ಲಾರ್ಕ್ ಬೋರ್ಡಿಂಗ್ ಬಂತು.

ಈ ಏರ್ಪಾಡಿನ ಮಿತಿಯನ್ನು ತೋರಿಸಿಕೊಟ್ಟವನು ಅದರೊಳಗೇ ಇದ್ದ ಒಬ್ಬ ಹುಡುಗ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲ ಜೈನ ಬೋರ್ಡಿಂಗ್‌ನಲ್ಲಿದ್ದುಕೊಂಡು ಓದುತ್ತಿದ್ದ. ಮಿಸ್ ಕ್ಲಾರ್ಕ್ ಬೋರ್ಡಿಂಗ್‌ನ ಸಮಾರಂಭಕ್ಕೆ ಹೋಗಿ ಬಂದವನಿಗೆ ಸ್ನಾನ ಮಾಡಿ ಊಟಕ್ಕೆ ಬಾ ಎಂದರಂತೆ. ಹುಡುಗ ಒಪ್ಪಲಿಲ್ಲ, ಹೊರಬಿದ್ದ. ಮುಂದೆ 1919ರಲ್ಲಿ ಅವರು ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಣ್ಣುವ ಬೋರ್ಡಿಂಗ್ ತೆರೆದರು. 1927ರಲ್ಲಿ ಗಾಂಧೀಜಿ ಅದಕ್ಕೆ ಶಾಹೂ ಅವರ ಹೆಸರಿಟ್ಟರು. ಹುಡುಗರ ಹೊಟ್ಟೆ ತುಂಬಿಸಲು ಭಾವೂರಾಯರ ಹೆಂಡತಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನೆಲ್ಲ ಮಾರಿದರು, ಮಂಗಳಸೂತ್ರವನ್ನೂ ಬಿಡಲಿಲ್ಲ. ಸಂಸ್ಥೆಯ ‘ಕಮವಾ ಆಣಿ ಶಿಕಾ’ ಪದ್ಧತಿಯಲ್ಲಿ ಹುಡುಗರು ದುಡಿದೇ ಓದಿದರು. ಪಾಠದ ಹೊತ್ತು ಮತ್ತು ದುಡಿಮೆಯ ಹೊತ್ತು ಎಂಬ ಗೆರೆಯೇ ಅಲ್ಲಿ ಅಳಿಸಿಹೋಯಿತು.

ಈಗಿನ ಮಾತಿಗೆ ಬರೋಣ. ಶಾಲೆಯ ಆಚೆಯ ಕಲಿಕೆ ಎಂದರೆ ಈಗ ಹೆಚ್ಚಾಗಿ ಟ್ಯೂಷನ್ ಎಂದರ್ಥ. ಶುಲ್ಕ ಕೊಡಬಲ್ಲವರಿಗೆ ಸಂಜೆಯೂ ಶಾಲೆಯೇ. ಕೊಡಲಾಗದವರ ಪಾಡು? ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಗೆ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂತು. ಮಗ್ಗದ ಸದ್ದು ಪಾಳಿಯಿಂದ ಪಾಳಿಗೆ ನಿಲ್ಲದ ಓಣಿಯ ಒಂದು ಕೋಣೆಯ ಮನೆಯಲ್ಲಿ ಹತ್ತನೆಯ ತರಗತಿ ಓದುವ ಮಗುವಿಗೆ ಬೇಕಾದ್ದು ಇನ್ನೊಬ್ಬ ಮೇಷ್ಟ್ರಲ್ಲ. ಒಂದು ಬೆಂಚು, ಒಂದು ದೀಪ, ಒಂದಿಷ್ಟು ಸದ್ದಿಲ್ಲದ ಹೊತ್ತು. ಬೆಂಚಿಗೆ ಜಾಗವೂ ಇದೆ: ಅದೇ ಊರಿನ ಆಪ್ಟೆ ವಾಚನ ಮಂದಿರ 1870ರದು, ವಿದ್ಯುತ್ ಮಗ್ಗಗಳಿಗಿಂತ ಹಳೆಯದು. ಬೆಳಗಾವಿ ಪಕ್ಕದ ಹಲಗಾದಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಎರಡು ಗಂಟೆ ಟಿವಿ, ಮೊಬೈಲು ಬಂದ್ ಮಾಡುವ ಏರ್ಪಾಡನ್ನು ಊರವರೇ ತಂದರು. ಖರ್ಚು ಒಂದು ಸೈರನ್ ಅಷ್ಟೆ.

ಸೈರನ್ ಕೇಳಲು ಮಗು ಊರಲ್ಲಿರಬೇಕಲ್ಲ! ದೀಪಾವಳಿಯ ಆಸುಪಾಸಿಗೆ ಕೊಲ್ಹಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯತೊಡಗುತ್ತವೆ. ಬೀಡ್ ಕಡೆಯಿಂದ ಕಬ್ಬು ಕಡಿಯುವವರು ಮಕ್ಕಳುಮರಿ ಸಮೇತ ಬಂದಿಳಿಯುತ್ತಾರೆ. ಶಾಲೆಯ ಅರ್ಧ ವರ್ಷ ಗದ್ದೆಯ ಬದುವಿನಲ್ಲೇ ಕಳೆದುಹೋಗುತ್ತದೆ. ಇದಕ್ಕೆ ಮಹಾರಾಷ್ಟ್ರ ಎರಡು ದಾರಿ ಹಿಡಿದಿದೆ. ಗುಡಿಸಲುಗಳ ಹತ್ತಿರವೇ ಕಲಿಸುವ ಸಾಖರ್ ಶಾಲೆ ಒಂದು. ಅಪ್ಪ ಅಮ್ಮ ದುಡಿಯಲು ಹೋದಾಗ ಮಕ್ಕಳು ಸ್ವಂತ ಊರಲ್ಲೇ ಉಳಿಯಲೆಂದು ತೆರೆಯುವ ಹಂಗಾಮಿ ವಸತಿಗೃಹ ಇನ್ನೊಂದು. ಎರಡನೆಯದು ಶಾಹೂ ದಾರಿಯೇ. ನನ್ನ ಒಲವೂ ಅದರತ್ತ, ಏಕೆಂದರೆ ಅಲ್ಲಿ ಮಗುವಿನ ಶಾಲೆ ಬದಲಾಗುವುದಿಲ್ಲ.

ಆದರೆ ಹನ್ನೆರಡು ಹದಿಮೂರರ ಹೆಣ್ಣುಮಗಳನ್ನು ಬಿಟ್ಟು ಹೋಗಲು ತಾಯಿಗೆ ಧೈರ್ಯ ಸಾಲುವುದಿಲ್ಲ. ಜೊತೆಗೆ ಕರೆದೊಯ್ದರೆ ಅಡುಗೆ, ನೀರು, ತಮ್ಮ ತಂಗಿಯರ ಆರೈಕೆ ಅವಳ ಪಾಲಿಗೆ. ಎಷ್ಟೋ ಸಲ ಮುಂದಿನ ಹಂಗಾಮಿಗೆ ಮೊದಲೇ ಮದುವೆ. ರಾತ್ರಿ ಕಾವಲಿರುವ, ನಂಬಿಕೆಯ ಹೆಂಗಸೊಬ್ಬರು ಮೇಲ್ವಿಚಾರಕಿಯಾಗಿರುವ ವಸತಿಗೃಹವನ್ನು ಮೊದಲು ಈ ಹುಡುಗಿಯರಿಗೆ ಕೊಡಬೇಕು, ಅದೂ ಗಾಡಿ ಹೊರಡುವ ತಿಂಗಳಿಗೆ ಮುಂಚೆ.