ಸುರಪುರದಿಂದ ಲಂಡನ್ನಿಗೆ ಹೋದ ಕಾಗದಗಳು

ಅಂಚೆ ಇಲಾಖೆಯಲ್ಲಿ ದುಡಿದು ದೇವನಹಳ್ಳಿಯಲ್ಲಿ ನಿವೃತ್ತನಾದ ನನಗೊಂದು ಚಾಳಿ ಉಳಿದುಬಿಟ್ಟಿದೆ. ದೊಡ್ಡವರ ಪತ್ರಸಂಕಲನ ಕೈಗೆ ಬಂದರೆ ಬರೆದವರಿಗಿಂತ ಮೊದಲು ಇಸಕೊಂಡವರು ಯಾರು ಅಂತ ನೋಡುತ್ತೇನೆ. ಕಾಗದ ಉಳಿಯುವುದೋ ಒಲೆಗೆ ಹೋಗುವುದೋ ಅವರ ಕೈಯಲ್ಲಿ ತಾನೇ ಇರುವುದು?

ಫಿಲಿಪ್ ಮೆಡೋಸ್ ಟೇಲರ್ ನನಗೆ ಗೊತ್ತಾದದ್ದು ಟಿಪ್ಪುವಿನ ನೆಪದಲ್ಲಿ. ಟಿಪ್ಪು ನಮ್ಮೂರಲ್ಲಿ ಹುಟ್ಟಿದವನು. ಅವನ ಮೇಲೆ 1840ರಲ್ಲಿ ಈ ಇಂಗ್ಲಿಷ್ ಕಾದಂಬರಿಕಾರ ಮೂರು ಸಂಪುಟ ಬರೆದ. ನನಗದು ಅಷ್ಟಕ್ಕಷ್ಟೆ. ಅವನಿಗೆ ಹೆಸರು ತಂದದ್ದು ಹಿಂದಿನ ವರ್ಷದ ‘ಕನ್ಫೆಷನ್ಸ್ ಆಫ್ ಎ ಥಗ್’. ಹೊಟ್ಟೆಪಾಡಿಗೆ ನಿಜಾಮನ ಚಾಕರಿ. 1841ರಿಂದ 1853ರವರೆಗೆ ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿದ್ದು, ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಅಲ್ಲಿದೆ.

ಆ ಕಾಲದಲ್ಲಿ ಟೇಲರ್ ಲಂಡನ್ನಿನ ಹೆನ್ರಿ ರೀವ್‌ಗೆ ಕಾಗದ ಬರೆಯುತ್ತಿದ್ದ. ರೀವ್ ಅವನ ಸಂಬಂಧಿ, ‘ದಿ ಟೈಮ್ಸ್’ನಲ್ಲಿ ಸಂಪಾದಕೀಯ ಬರೆಯುವವನು, ಟೇಲರ್ ಅದೇ ಪತ್ರಿಕೆಗೆ ಇಲ್ಲಿಂದ ವರದಿಗಾರ. ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ. ಬೊಂಬಾಯಿಯಿಂದ ಸೂಯೆಜ್‌ಗೆ ಹಡಗು, ಅಲ್ಲಿ ಮರುಭೂಮಿ ದಾಟಿ ಅಲೆಕ್ಸಾಂಡ್ರಿಯ, ಮತ್ತೆ ಹಡಗು. ಅಷ್ಟು ಕೈ ಬದಲಾಯಿಸಿ ಬಂದ ಕಾಗದಗಳು ಉಳಿದವಲ್ಲ, ಬಟವಾಡೆಯವನಿಗೆ ಅದೇ ಸೋಜಿಗ.

ಟೇಲರ್ 1876ರಲ್ಲಿ ತೀರಿಕೊಂಡ. ಮರುವರ್ಷವೇ ಆತ್ಮಕಥೆ ಬಂತು. ಸಂಪಾದಿಸಿದವಳು ಮಗಳು, ಮುನ್ನುಡಿ ರೀವ್‌ನದು. ಪ್ರಿವಿ ಕೌನ್ಸಿಲ್ ಅಧಿಕಾರಿ ಗ್ರೆವಿಲ್‌ನ ಖಾಸಗಿ ದಿನಚರಿ ಅಚ್ಚು ಹಾಕಿಸಿ ವಿಕ್ಟೋರಿಯಾ ರಾಣಿಯ ಸಿಟ್ಟಿಗೆ ಗುರಿಯಾದವನೂ ಇದೇ ರೀವ್. ಆದರೆ ಟೇಲರ್ ಅವನಿಗೆ ಬರೆದ ಕಾಗದಗಳು ಸರ್ ಪ್ಯಾಟ್ರಿಕ್ ಕ್ಯಾಡೆಲ್ ಸಂಪಾದನೆಯಲ್ಲಿ ಪುಸ್ತಕವಾದದ್ದು 1947ರಲ್ಲಿ, ಆಕ್ಸ್‌ಫರ್ಡ್ ಪ್ರೆಸ್ಸಿನಿಂದ.

ಆತ್ಮಕಥೆ ಇರುವಾಗ ಕಾಗದ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಆತ್ಮಕಥೆ ಬರೆಯುವ ಹೊತ್ತಿಗೆ ವೆಂಕಟಪ್ಪ ನಾಯಕ ದಂಗೆ ಎದ್ದು, ಸೆರೆಸಿಕ್ಕಿ, 1858ರಲ್ಲಿ ಗುಂಡಿಗೆ ಬಲಿಯಾಗಿ ವರ್ಷಗಳೇ ಕಳೆದಿದ್ದವು. ಮುದುಕನ ನೆನಪಿನಲ್ಲಿ ಆ ಹುಡುಗನ ಆಟಪಾಠದ ಮೇಲೂ ಸಾವಿನ ನೆರಳು ಬೀಳದೆ ಇರದು. ಸುರಪುರದಲ್ಲೇ ಕೂತು ಬರೆದ ಕಾಗದಕ್ಕೆ ಮುಂದಿನದು ತಿಳಿಯದು. ನನಗೆ ಅದೇ ಹೆಚ್ಚು.

ಹಾಗಂತ ಪೂರ್ತಿ ನಂಬುವಂತೆಯೂ ಇಲ್ಲ. ಟೇಲರ್ ಜತೆ ಜಟಾಪಟಿ ನಡೆಸಿದ ವೆಂಕಟಪ್ಪನ ತಾಯಿ ರಾಣಿ ಈಶ್ವರಮ್ಮನನ್ನು ನಾವು ಕಾಣುವುದು ಅವನ ಕಣ್ಣಿನಿಂದಲೇ. ಅವಳ ಕಡೆಯ ವಾದ ಲಂಡನ್ನಿನಲ್ಲಿ ಯಾರ ಪೆಟ್ಟಿಗೆ ಸೇರಬೇಕಿತ್ತು?

ಪತ್ರ ಅಚ್ಚು ಹಾಕಿಸುವವರಿಗೆ ಕಾನೂನಿನ ಒಂದು ಮಾತು: ಕಾಗದದ ಹಾಳೆ ಇಸಕೊಂಡವರ ಸೊತ್ತು, ಒಳಗಿನ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಬರೆದವರು ಸತ್ತ ಮೇಲೆ ಮೊದಲ ಸಲ ಅಚ್ಚಾದರೆ, ನಮ್ಮ ದೇಶದಲ್ಲಿ ಅಚ್ಚಾದಲ್ಲಿಂದ 60 ವರ್ಷ ಹಕ್ಕು. 1947ಕ್ಕೆ 60 ಕೂಡಿಸಿ ನೋಡಿ, ಗಡುವು ಎಂದೋ ದಾಟಿದೆ. ಸಂಪಾದಕರ ಟಿಪ್ಪಣಿಯ ಲೆಕ್ಕ ಬೇರೆ. ಕನ್ನಡಕ್ಕೆ ತರುವವರು ಹೇಗೂ ಹೊಸ ಟಿಪ್ಪಣಿ ಬರೆಯಬೇಕು, ಅದಕ್ಕೆ ಸುರಪುರದವರೇ ಸರಿ.