ನಾಯಿಮರಿಗಳ ಪಾರ್ವೊ ರೋಗ: ವೈರಸ್ಸಿನ ಪ್ರಭೇದಗಳನ್ನು ಗುರುತಿಸುವ ಬಗೆ

ಮುಂಬಯಿಯ ಚಾಳುಗಳಲ್ಲಿಯೂ ಉಪನಗರಗಳ ಬಹುಮಹಡಿ ವಸತಿಗಳಲ್ಲಿಯೂ ನಾಯಿಮರಿಯನ್ನು ಅಕ್ಕರೆಯಿಂದ ಸಾಕುವ ಕುಟುಂಬಗಳು ಅನೇಕ. ಇಂಥ ಮರಿಯು ಒಮ್ಮೆಲೇ ಮಂಕಾಗಿ, ಆಹಾರ ತೊರೆದು, ವಾಂತಿ ಹಾಗೂ ದುರ್ಗಂಧದ ರಕ್ತಭೇದಿಯಿಂದ ಕೆಲವೇ ದಿನಗಳಲ್ಲಿ ಅಸುನೀಗುವುದುಂಟು. ಪಾರ್ವೊ ವೈರಸ್ಸು ಇದರ ಒಂದು ಮುಖ್ಯ ಕಾರಣ. ಲಸಿಕೆ ಹಾಕಿಸಿದ ಮರಿಗೂ ರೋಗ ತಗಲಿದಾಗ, ವೈರಸ್ಸು ರೂಪ ಬದಲಿಸಿತೇ ಎಂಬ ಸಂದೇಹ ಸಹಜವಾಗಿಯೇ ಮೂಡುತ್ತದೆ.

ರೂಪ ಬದಲಾಗಿರುವುದು ನಿಜ. ಬೆಕ್ಕುಗಳ ಒಂದು ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ಈ ರೋಗಾಣು 1978ರಲ್ಲಿ ನಾಯಿಗಳಲ್ಲಿ ಕಾಣಿಸಿಕೊಂಡು ಅತಿ ಶೀಘ್ರವಾಗಿ ಜಗತ್ತನ್ನು ವ್ಯಾಪಿಸಿತು. 1980ರ ದಶಕದ ಆರಂಭದಲ್ಲಿ ಮದರಾಸಿನಿಂದಲೂ ವರದಿಯಾಯಿತು. ಮೂಲ ರೂಪವಾದ '2'ರ ಸ್ಥಾನವನ್ನು ಕೆಲವೇ ವರ್ಷಗಳಲ್ಲಿ '2ಎ' ಆಕ್ರಮಿಸಿತು. 1984ರಲ್ಲಿ '2ಬಿ'ಯೂ, 2000ದಲ್ಲಿ ಇಟಲಿಯಲ್ಲಿ '2ಸಿ'ಯೂ ಗುರುತಿಸಲ್ಪಟ್ಟವು. ಭಾರತದಲ್ಲಿ ಬಹುಕಾಲ 2ಎ ಹೆಚ್ಚಾಗಿತ್ತು. ಈಚಿನ ಅಧ್ಯಯನಗಳಲ್ಲಿ 2ಸಿ ಹೆಚ್ಚಾಗಿ ಕಂಡುಬರುತ್ತಿದೆ.

ಈ ವೈರಸ್ಸಿನ ವಂಶವಾಹಿ ಸುಮಾರು 5,200 ಅಕ್ಷರಗಳ ಒಂದು ಲೆಕ್ಕಪುಸ್ತಕವಿದ್ದಂತೆ. ಅದನ್ನು ನಕಲಿಸುವಾಗ ಆಗಾಗ ಒಂದು ಅಕ್ಷರ ಬದಲಾಗುತ್ತದೆ. ಹೊರಕವಚದ ಪ್ರೋಟೀನಿನಲ್ಲಿ 426ನೆಯ ಸ್ಥಾನವನ್ನು ನಿರ್ಧರಿಸುವ ಮೂರಕ್ಷರಗಳು 2ಎಯಲ್ಲಿ 'ಎಎಟಿ', 2ಬಿಯಲ್ಲಿ 'ಜಿಎಟಿ', 2ಸಿಯಲ್ಲಿ 'ಜಿಎಎ'. ಮೂಲ ರೂಪಕ್ಕೂ 2ಎಗೂ ಈ ಸ್ಥಾನದಲ್ಲಿ ಭೇದವಿಲ್ಲವಾದುದರಿಂದ, ಅವೆರಡನ್ನು ಬೇರ್ಪಡಿಸಲು ಇತರ ಸ್ಥಾನಗಳನ್ನೂ ಓದಬೇಕಾಗುತ್ತದೆ.

ಪರೀಕ್ಷೆಗೆ ಮರಿಯ ಮಲದ ಮಾದರಿ ಸಾಕು. ಅದರಿಂದ ಡಿಎನ್ಎಯನ್ನು ಬೇರ್ಪಡಿಸಿ, ಬೇಕಾದ ಭಾಗವನ್ನು ಪಿಸಿಆರ್ ವಿಧಾನದಿಂದ ಕೋಟ್ಯಂತರ ಪ್ರತಿಗಳಾಗಿಸಿ, ಅಕ್ಷರಗಳ ಕ್ರಮವನ್ನು ಓದುತ್ತಾರೆ. ಲಸಿಕೆ ಪಡೆದ ಕೆಲವೇ ದಿನಗಳಲ್ಲಿ ಮರಿಗೆ ಭೇದಿಯಾದರೆ, ಮಲದಲ್ಲಿರುವುದು ಲಸಿಕೆಯ ದುರ್ಬಲ ವೈರಸ್ಸೋ ಬೀದಿಯಿಂದ ಬಂದದ್ದೋ ಎಂಬುದನ್ನು ತಿಳಿಯಲು ಇಂಥ ಓದು ನೆರವಾಗುತ್ತದೆ. ಚಿಕಿತ್ಸೆಯಾದರೋ ಎಲ್ಲ ಪ್ರಭೇದಗಳಿಗೂ ಒಂದೇ. ಆದಕಾರಣ ಫಲಿತಾಂಶಕ್ಕಾಗಿ ಕಾಯದೆ ಮರಿಯನ್ನು ಪಶುವೈದ್ಯರಲ್ಲಿಗೆ ಕೂಡಲೇ ಒಯ್ಯಬೇಕು. ಪರೇಲಿನಲ್ಲಿ 1886ರಲ್ಲಿ ಸ್ಥಾಪನೆಯಾದ ಮುಂಬಯಿ ಪಶುವೈದ್ಯಕೀಯ ಕಾಲೇಜು ಹಾಗೂ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆಗಳು ನಗರವಾಸಿಗಳಿಗೆ ಚಿರಪರಿಚಿತ.

ಹಾಗಾದರೆ ಲಸಿಕೆ ವಿಫಲವಾಗುವುದೇಕೆ? ಹೆಚ್ಚಿನ ಸಂದರ್ಭಗಳಲ್ಲಿ ದೋಷ ಹೊಸ ಪ್ರಭೇದದ್ದಲ್ಲ, ಸಮಯದ್ದು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಕಾಂಶವು ಲಸಿಕೆಯನ್ನೇ ನಿಷ್ಫಲಗೊಳಿಸುತ್ತದೆ. ಅದು ಕ್ಷೀಣಿಸುವಾಗ, ರೋಗವನ್ನು ತಡೆಯಲು ಸಾಲದು, ಲಸಿಕೆಯನ್ನು ತಡೆಯಲು ಸಾಕು ಎಂಬ ಅಪಾಯಕಾರಿ ಅವಧಿಯೊಂದು ಬರುತ್ತದೆ. ಆದುದರಿಂದ 6ರಿಂದ 8 ವಾರಗಳಲ್ಲಿ ಆರಂಭಿಸಿ, 2ರಿಂದ 4 ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೂ ಲಸಿಕೆ ಮುಂದುವರಿಸಬೇಕು. ಮೊದಲೆರಡು ಚುಚ್ಚುಮದ್ದುಗಳಿಗೇ ನಿಲ್ಲಿಸುವುದು ಸಲ್ಲದು.

ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಪಾದರಕ್ಷೆಗಂಟಿ ಮೇಲ್ಮಹಡಿಯ ಮನೆಯನ್ನೂ ಸೇರಬಲ್ಲದು. ಸಾಮಾನ್ಯ ಫಿನಾಯಿಲನ್ನು ನೆಚ್ಚದೆ, ನೆಲವನ್ನು ತೊಳೆದು ನೀರು ಬೆರೆಸಿದ ಬ್ಲೀಚನ್ನು ಬಳಸುವುದು ಲೇಸು. ಮನುಷ್ಯರಿಗೆ ಈ ರೋಗ ಅಂಟುವುದಿಲ್ಲ. ಆದರೆ ಅದನ್ನು ಹೊತ್ತು ತರುವವರು ನಾವೇ ಆಗಬಹುದೆಂಬುದನ್ನು ನೆನಪಿಡಬೇಕು.