ಮಗ್ಗುಲು ಬದಲಿಸುವುದೇಕೆ?

ದೊಡ್ಡಬಳ್ಳಾಪುರದ ಅನೇಕ ನೇಕಾರರಿಗೆ ಮಗ್ಗವೂ ಸಂಸಾರವೂ ಒಂದೇ ಸೂರಿನಡಿ. ಅಲ್ಲಿ ಅಜ್ಜಿ ಹಾಸಿಗೆ ಹಿಡಿದರೆ, ಸುಮಾರು ಎರಡು ಗಂಟೆಗೊಮ್ಮೆ ಯಾರಾದರೂ ಕೆಲಸ ಬಿಟ್ಟೆದ್ದು ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕಾಗುತ್ತದೆ.

ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಮಲಗಿದವರ ಭಾರವು ಸೊಂಟ, ಹಿಮ್ಮಡಿಗಳಂತಹ ಎಲುಬು ಉಬ್ಬಿದ ಕಿರಿದಾದ ಜಾಗಗಳನ್ನು ಹೆಚ್ಚಾಗಿ ಒತ್ತುತ್ತದೆ. ಲೋಮನಾಳಗಳೆಂಬ ಅತಿಸೂಕ್ಷ್ಮ ರಕ್ತನಾಳಗಳಲ್ಲಿ, ಧಮನಿಯ ಕಡೆಯ ತುದಿಯಲ್ಲಿ, ರಕ್ತದ ಒತ್ತಡವು ಪಾದರಸದ ಸುಮಾರು 32 ಮಿಲಿಮೀಟರುಗಳೆಂದು 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿಯು ಅಳೆದನು. ಹೊರಗಿನ ಒತ್ತಡವು ಇದನ್ನು ಬಹಳವಾಗಿ ಮೀರಿ ದೀರ್ಘಕಾಲ ನಿಂತರೆ ರಕ್ತ ಹರಿಯದೆ ಚರ್ಮವು ಹುಣ್ಣಾಗುವುದು. ಮೆತ್ತನೆಯ ಹಾಸು ವಿಸ್ತೀರ್ಣವನ್ನು ಹೆಚ್ಚಿಸುತ್ತದೆ; ಮಗ್ಗುಲು ಬದಲಿಸುವುದು ಒತ್ತಡದ ಅವಧಿಯನ್ನು ತಗ್ಗಿಸುತ್ತದೆ.

ಈ ಕೆಲಸ ರಾತ್ರಿಯೂ ತಪ್ಪದು. ನಿದ್ದೆಗೆಡುವ ಭಾರ ಒಬ್ಬರ ಮೇಲೆಯೇ ಬಿದ್ದರೆ ಅವರೂ ಕುಸಿಯುವರು. ಮನೆಮಂದಿ ಸರದಿಯಂತೆ ಹಂಚಿಕೊಳ್ಳಬೇಕು. ತಿಂಗಳುಗಳ ಬಳಿಕವೂ ಅಜ್ಜಿಯ ಬೆನ್ನಿನಲ್ಲಿ ಹುಣ್ಣಿಲ್ಲದಿರುವುದನ್ನು ಕಂಡಾಗ ಆಗುವ ಸಂತೋಷವೂ ಆಗ ಎಲ್ಲರದಾಗುವುದು.